ಪಕ್ಕೆ ತೋರಿಸದ ನಾಯಕ

"ಗುರುಗಳೇ, ಯಾರ ಮಾತೂ ಒಳಗೆ ಇಳಿಯದ ಹಾಗೆ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ?"

ಕೇಳಿದವನು ಪಂಚಾಕ್ಷರಿ. ಅವನು ಮಠಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕೇಳಿಸಿಕೊಂಡವರು ಮರುಳಸಿದ್ಧಯ್ಯನವರು. ಕಾವಿ ಉಡುವ ಮುಂಚೆ ಅವರು ನಮ್ಮ ಸೈನ್ಯದಲ್ಲಿ ಟ್ಯಾಂಕ್ ರಿಪೇರಿ ಮಾಡುವವರಾಗಿದ್ದರು.

ಪ್ರಶ್ನೆಯ ಹಿಂದೆ ಒಂದು ಸಂಗತಿ ಇತ್ತು. ತಂದೆ ತೀರಿಕೊಂಡಾಗ ಪಂಚಾಕ್ಷರಿ ದೂರದ ಊರಿನಲ್ಲಿದ್ದ. ಬಸ್ಸು ತಪ್ಪಿತು. ಅವನು ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅಣ್ಣ ತಿಪ್ಪೇರುದ್ರ ಬಂದ ಜನರೆಲ್ಲರ ಎದುರಿಗೆ, "ನೀನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ" ಎಂದುಬಿಟ್ಟ. ಆ ಮಾತನ್ನು ಹೊತ್ತುಕೊಂಡೇ ಪಂಚಾಕ್ಷರಿ ಮಠ ಸೇರಿದ್ದ. ಆಮೇಲೆ ಅಣ್ಣ ಆಗಾಗ ಮಠಕ್ಕೆ ಬರುತ್ತಿದ್ದ. ಬರುವಾಗ ರೊಟ್ಟಿಬುತ್ತಿ ತರುತ್ತಿದ್ದ. ಪಂಚಾಕ್ಷರಿ ಓಡಿಹೋಗುತ್ತಿರಲಿಲ್ಲ. ಮುಖ ಬಿಗಿದುಕೊಂಡು ಎದುರಿಗೆ ಬಂದು ನಿಲ್ಲುತ್ತಿದ್ದ, ಮಾತಾಡುತ್ತಿರಲಿಲ್ಲ. ಅಣ್ಣ ಎದ್ದು ಹೋದ ಮೇಲೆ ಬುತ್ತಿಯನ್ನು ಗಂಟು ಬಿಚ್ಚದೆ ದನದ ಕೊಟ್ಟಿಗೆಗೆ ಕಳಿಸುತ್ತಿದ್ದ. ಈ ದಿನವೂ ಅಣ್ಣ ಬೆಳಗ್ಗೆಯೇ ಬಂದು ಹೊರಜಗುಲಿಯ ಮೇಲೆ ಕೂತಿದ್ದ.

ಗುರುಗಳಿಗೆ ಇದೆಲ್ಲ ಗೊತ್ತಿತ್ತು. ಅವರು ಆ ಮಾತೆತ್ತಲಿಲ್ಲ.

"ಗಟ್ಟಿಯಾಗುವುದೇನು ಕಷ್ಟವಲ್ಲಪ್ಪ," ಎಂದರು. "ಕೂತುಕೋ. ಒಂದು ಕತೆ ಹೇಳುತ್ತೇನೆ. ಪುರಾಣದ್ದಲ್ಲ, ಕಬ್ಬಿಣದ್ದು. ನಾನು ಸೈನ್ಯಕ್ಕೆ ಸೇರಿದ ಹೊಸತರಲ್ಲಿ ನಮಗೆ ಟ್ಯಾಂಕಿನ ಗೇರಿನ ಪಾಠ ಹೇಳುತ್ತಿದ್ದ ಮೇಷ್ಟ್ರು ಇದನ್ನು ಹೇಳಿದ್ದರು. ಅವರಿಗೆ ಯಾರು ಹೇಳಿದರೋ ತಿಳಿಯದು. ಕತೆಯ ಜನ ಸುಳ್ಳಿರಬಹುದು, ಯಂತ್ರ ಸುಳ್ಳಲ್ಲ. ಅದನ್ನು ನಾನು ಆಮೇಲೆ ಓದಿ ನೋಡಿಕೊಂಡಿದ್ದೇನೆ."

ಪಂಚಾಕ್ಷರಿ ಕೂತ. ಗುರುಗಳು ಹೇಳತೊಡಗಿದರು.

ಹಿಂದೆ ಜರ್ಮನಿ ಎಂಬ ದೇಶ ಲೋಕದ ಮೇಲೆಲ್ಲ ಯುದ್ಧಕ್ಕೆ ಹೋಯಿತು. ಆ ಯುದ್ಧದಲ್ಲಿ ಅವರು ಮಾಡಿದ ಪಾಪ ಎಷ್ಟು ದೊಡ್ಡದು ಎಂದು ಶಾಲೆಯಲ್ಲಿ ಓದಿದ್ದೀಯ. ನನ್ನ ಕತೆಯಿಂದ ಅದು ತೊಳೆದು ಹೋಗುವುದಿಲ್ಲ, ತೊಳೆಯುವ ಆಸೆಯೂ ನನಗಿಲ್ಲ. ಈ ಕತೆ ಐದು ಜನರದು, ಒಂದು ಟ್ಯಾಂಕಿನದು.

ಜರ್ಮನರು ರಷ್ಯಾದ ಬಯಲಿಗೆ ನುಗ್ಗಿದಾಗ ಅಲ್ಲಿ ಅವರಿಗೆ ಹೊಸ ಬಗೆಯ ಟ್ಯಾಂಕ್ ಎದುರಾಯಿತು. ಅದರ ಮುಂದಿನ ಉಕ್ಕಿನ ಹಲಗೆ ನೆಟ್ಟಗೆ ನಿಂತಿರಲಿಲ್ಲ, ಹಿಂದಕ್ಕೆ ವಾಲಿತ್ತು. ಬಡಿದ ಗುಂಡು ಜಾರಿ ಹೋಗುತ್ತಿತ್ತು. ಜರ್ಮನರಿಗೆ ದಿಗಿಲಾಯಿತು. ಅಂಥದ್ದೇ, ಅದಕ್ಕಿಂತ ಮೇಲಾದದ್ದು ಬೇಕು, ಬೇಗ ಬೇಕು ಎಂದು ತಮ್ಮ ಎಂಜಿನಿಯರುಗಳ ಬೆನ್ನು ಹತ್ತಿದರು.

ಎಂಜಿನಿಯರುಗಳು ಚಿತ್ರ ಬರೆದರು. ಟ್ಯಾಂಕು ಇಷ್ಟು ಟನ್ ತೂಗಬೇಕು ಎಂದು ಲೆಕ್ಕ ಹಾಕಿದರು. ಆ ತೂಕಕ್ಕೆ ತಕ್ಕ ಹಲ್ಲುಚಕ್ರ ಇಟ್ಟರು. ಹಲ್ಲುಚಕ್ರ ಎಂದರೆ ಎಂಜಿನ್ನಿನ ಬಲವನ್ನು ಕೊನೆಗೆ ಚೈನಿಗೆ, ಅಂದರೆ ಗಾಲಿಗಳನ್ನು ಸುತ್ತಿ ಓಡುವ ಉಕ್ಕಿನ ಪಟ್ಟಿಗೆ, ದಾಟಿಸುವ ಗೇರು. ಅದು ಟ್ಯಾಂಕಿನ ಮೂತಿಯ ಎರಡು ಪಕ್ಕದಲ್ಲಿ, ಚೈನಿನ ಒಳಗಡೆ ಇರುತ್ತದೆ. ನೋಡುವವರ ಕಣ್ಣಿಗೆ ಬೀಳುವುದಿಲ್ಲ.

ಮೇಲಿನವರು ಚಿತ್ರ ನೋಡಿ, ಮುಂದಿನ ಹಲಗೆ ಇನ್ನೂ ದಪ್ಪ ಇರಲಿ ಎಂದರು. ದಪ್ಪ ಮಾಡಿದರು. ಬೇರೆ ಕಡೆಯೂ ಅದು ಸೇರಿತು, ಇದು ಸೇರಿತು. ಕೊನೆಗೆ ಟ್ಯಾಂಕು ಲೆಕ್ಕಕ್ಕಿಂತ ಹತ್ತು ಟನ್ನಿನಷ್ಟು ಹೆಚ್ಚು ಭಾರವಾಯಿತು. ಆ ಭಾರಕ್ಕೆ ಬೇರೆ ಬಗೆಯ ಗೇರು ಬೇಕಿತ್ತು. ಅದನ್ನು ಕೊರೆಯುವ ಯಂತ್ರಗಳು ಸಾಕಷ್ಟು ಇರಲಿಲ್ಲ. ಸಮಯವೂ ಇರಲಿಲ್ಲ. ಮುಖ ದಪ್ಪವಾಯಿತು, ಗೇರು ಹಾಗೇ ಉಳಿಯಿತು.

ಅದಕ್ಕೆ ಪ್ಯಾಂಥರ್ ಎಂದು ಹೆಸರಿಟ್ಟರು, ನಮ್ಮ ಮಾತಿನಲ್ಲಿ ಚಿರತೆ. ಹೆಸರಿಗೆ ತಕ್ಕದ್ದೇ ಆಗಿತ್ತು, ಇಲ್ಲವೆನ್ನಬಾರದು. ಉದ್ದ ನಳಿಕೆಯ ಫಿರಂಗಿ. ಶತ್ರುವಿಗೆ ಇದು ಕಾಣುವ ಮುಂಚೆ ಇದರ ಗುಂಡು ಅವನಿಗೆ ತಗಲುತ್ತಿತ್ತು. ಚೈನು ಅಗಲ, ಕೆಸರಿನಲ್ಲಿ ಹೂತುಕೊಳ್ಳುತ್ತಿರಲಿಲ್ಲ. ಒಂದರ ಮೇಲೊಂದು ಹಾದುಹೋಗುವಂತೆ ಜೋಡಿಸಿದ ಗಾಲಿಗಳು. ಉಬ್ಬುತಗ್ಗಿನ ಹೊಲದಲ್ಲಿ ಓಡಿದರೂ ಒಳಗೆ ಕೂತವರಿಗೆ ಕುಲುಕಾಟ ಕಡಿಮೆ. ಎದುರಿನಿಂದ ಹೊಡೆದರೆ ಅದರ ಮುಖ ಒಡೆಯುವುದು ಬಹಳ ಕಷ್ಟ. ಪಕ್ಕೆ ಮಾತ್ರ ತೆಳು. ಎಲ್ಲ ಕಡೆಯೂ ದಪ್ಪ ಮಾಡಿದರೆ ಅದು ಅಲ್ಲಾಡುವುದೇ ಇಲ್ಲವಲ್ಲ, ಅದಕ್ಕೆ.

ಅಂಥ ಒಂದು ಪ್ಯಾಂಥರ್‌ಗೆ ಒಬ್ಬ ನಾಯಕ ಬಂದ.

ಅವನು ಮೊದಲು ಹಳೆಯ ಮಾದರಿಯ ಟ್ಯಾಂಕಿನಲ್ಲಿದ್ದವನು. ಆಗ ಅವನು ನಗುತ್ತಿದ್ದನಂತೆ. ತನ್ನ ಜನರ ಜೊತೆ ಕೂತು ಒಂದೇ ಪಾತ್ರೆಯಿಂದ ಉಣ್ಣುತ್ತಿದ್ದನಂತೆ. ಒಂದು ದಿನ ಶತ್ರು ಪಕ್ಕದಿಂದ ಬಂದ. ಗುಂಡು ಪಕ್ಕೆಯನ್ನು ಸೀಳಿ ಒಳಗೆ ಹೋಯಿತು. ನಾಯಕ ಮೇಲಿನ ಬಾಗಿಲಿನಿಂದ ಹೊರಗೆ ಹಾರಿದ. ಉಳಿದ ನಾಲ್ವರು ಒಳಗೆ ಸುಟ್ಟುಹೋದರು. ಅವರ ಕೂಗು ಅವನ ಕಿವಿಯಲ್ಲೇ ಉಳಿಯಿತು.

ಅವನ ಮೇಲೆ ನನಗೆ ಸಿಟ್ಟಿಲ್ಲ, ಪಂಚಾಕ್ಷರಿ. ಅಂಥದ್ದನ್ನು ಕಂಡವನು ಏನಾಗುತ್ತಾನೋ ಅವನು ಅದೇ ಆದ.

ಹೊಸ ಟ್ಯಾಂಕಿನಲ್ಲಿ ಅವನು ಒಂದು ನೇಮ ಮಾಡಿಕೊಂಡ. ಎಂದೂ ಪಕ್ಕೆ ತೋರಿಸಬಾರದು. ಯಾವ ಕಡೆಯಿಂದ ಸದ್ದು ಬಂದರೂ ಇಡೀ ಟ್ಯಾಂಕನ್ನು ತಿರುಗಿಸಿ ದಪ್ಪ ಮುಖವನ್ನು ಅದಕ್ಕೆ ಎದುರು ಮಾಡಬೇಕು. ಪ್ಯಾಂಥರ್‌ಗೆ ನಿಂತಲ್ಲೇ ತಿರುಗುವ ಶಕ್ತಿ ಇತ್ತು. ಒಂದು ಚೈನು ಮುಂದಕ್ಕೆ, ಒಂದು ಹಿಂದಕ್ಕೆ. ಆದರೆ ಹಾಗೆ ಮಣ್ಣಿನಲ್ಲಿ ತಿರುಗುವಾಗ ಅದರ ಭಾರವೆಲ್ಲ ಆ ಗೇರಿನ ಹಲ್ಲುಗಳ ಮೇಲೆ ಬೀಳುತ್ತಿತ್ತು. ತೀರ ಬೇಕಾದಾಗ ಮಾತ್ರ ಹಾಗೆ ಮಾಡಿ ಎಂದು ಚಾಲಕರಿಗೆಲ್ಲ ಹೇಳಿಯೇ ಕಳಿಸುತ್ತಿದ್ದರು. ನಾಯಕನಿಗೆ ಎಲ್ಲ ಹೊತ್ತೂ ತೀರ ಬೇಕಾದ ಹೊತ್ತೇ. ಕಾಗೆ ಹಾರಿದರೆ ತಿರುಗಿಸು. ಕೊಂಬೆ ಮುರಿದರೆ ತಿರುಗಿಸು. ಹಿಂದಿನಿಂದ ತಮ್ಮದೇ ಟ್ಯಾಂಕು ಬಂದರೂ ತಿರುಗಿಸು.

ಚಾಲಕನ ಅಂಗಾಲಿಗೆ ಗೇರಿನ ನಡುಕ ತಿಳಿಯುತ್ತಿತ್ತು. ಒಂದು ಸಲ ಅವನು ಹೇಳಿಯೂ ಹೇಳಿದ.

"ಫಿರಂಗಿಯ ತಲೆಯೊಂದನ್ನು ತಿರುಗಿಸಿದರೆ ಸಾಲದೇ, ನಾಯಕರೇ? ಪ್ರತಿಸಲ ಇಡೀ ಟ್ಯಾಂಕೇ ತಿರುಗಬೇಕೇ?"

"ತಲೆ ತಿರುಗಿದರೆ ಪಕ್ಕೆ ತಿರುಗುವುದಿಲ್ಲ," ಎಂದ ನಾಯಕ. "ಸುಟ್ಟ ವಾಸನೆ ನೋಡಿದವನು ನಾನು, ನೀನಲ್ಲ."

ಆಮೇಲೆ ಚಾಲಕ ಕೇಳುವುದನ್ನೇ ಬಿಟ್ಟ. ತಿರುಗಿಸು ಎಂದಾಗ ತಿರುಗಿಸಿದ.

ನಾಯಕನ ನೇಮ ಫಲ ಕೊಡಲಿಲ್ಲ ಎನ್ನಲಾಗದು. ಎರಡು ಮೂರು ಕಾಳಗದಲ್ಲಿ ಗುಂಡುಗಳು ಮುಂದಿನ ಹಲಗೆಗೆ ಬಡಿದು ಜಾರಿಹೋದವು. ಉಕ್ಕಿನ ಮೇಲೆ ಚಮಚದಿಂದ ಕೆರೆದಂಥ ಗುರುತುಗಳು ಉಳಿದವು, ಅಷ್ಟೇ. ಬೇರೆ ಟ್ಯಾಂಕಿನವರು ಬಂದು ಆ ಗುರುತುಗಳ ಮೇಲೆ ಕೈಯಾಡಿಸಿ ನೋಡಿ ಹೋಗುತ್ತಿದ್ದರು. ನಾಯಕನಿಗೆ ತನ್ನ ನೇಮದ ಮೇಲೆ ನಂಬಿಕೆ ಇನ್ನೂ ಗಟ್ಟಿಯಾಯಿತು.

ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅವನು ಟ್ಯಾಂಕಿನಂತೆಯೇ ಮನುಷ್ಯರ ಕಡೆಗೂ ತಿರುಗತೊಡಗಿದ. ಯಾರಾದರೂ ಹೆಗಲ ಹತ್ತಿರ ಬಂದು ನಿಂತರೆ ಗಕ್ಕನೆ ತಿರುಗಿ ಎದುರಾಗುತ್ತಿದ್ದ. ಏನು ಬೇಕು ಎನ್ನುತ್ತಿದ್ದ. ಏನೂ ಬೇಡದವರು ಏನು ಹೇಳಬೇಕು? ಅವರು ಹೊರಟು ಹೋಗುತ್ತಿದ್ದರು. ಟ್ಯಾಂಕಿನ ಒಳಗೆ ಎಂಜಿನ್ನಿನ ಅಬ್ಬರದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದು. ಗಂಟಲಿಗೆ ಒಂದು ಯಂತ್ರ, ಕಿವಿಗೆ ಒಂದು ಯಂತ್ರ ಕಟ್ಟಿಕೊಂಡು ತಂತಿಯ ಮೂಲಕ ಮಾತಾಡುತ್ತಾರೆ. ನಾಯಕ ಆ ತಂತಿಯಲ್ಲಿ ಅಪ್ಪಣೆ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಉಳಿದ ನಾಲ್ವರು ಕೆಳಗೆ ಕೂತು ಉಣ್ಣುವಾಗ ಅವನು ಟ್ಯಾಂಕಿನ ತಲೆಯ ಮೇಲೆ ಒಬ್ಬನೇ ಕೂತು ಉಣ್ಣುತ್ತಿದ್ದ. ಅಲ್ಲಿಂದ ಅವನಿಗೆ ಸುತ್ತಲೂ ಕಾಣುತ್ತಿತ್ತು.

ಆ ನಾಲ್ವರಲ್ಲಿ ಫಿರಂಗಿಗೆ ಗುಂಡು ತುಂಬುವವನು ಒಬ್ಬ. ಅವನ ಕೆಲಸದ ಜಾಗ ಟ್ಯಾಂಕಿನ ಬಲಗಡೆಯ ಕತ್ತಲಲ್ಲಿ. ಹೊರಗೆ ಏನು ನಡೆಯುತ್ತಿದೆ ಎಂದು ಅವನಿಗೆ ಕಾಣುವುದೇ ಇಲ್ಲ ಎನ್ನಬಹುದು. ತುಂಬು ಎಂದರೆ ತುಂಬುತ್ತಿದ್ದ. ನಾಯಕನನ್ನು ಪೂರ್ತಿ ನಂಬಿದ್ದವನು ಅವನೊಬ್ಬನೇ. ಉಣ್ಣುವ ಹೊತ್ತಿಗೆ ನಾಯಕನ ಪಾಲನ್ನು ಡಬ್ಬಿಯಲ್ಲಿ ಹಾಕಿ ಮೇಲೆ ಇಟ್ಟು ಬರುತ್ತಿದ್ದವನೂ ಅವನೇ. ಥ್ಯಾಂಕ್ಸು ಗೀಂಕ್ಸು ಏನೂ ಸಿಗುತ್ತಿರಲಿಲ್ಲ. ಆದರೂ ಇಟ್ಟು ಬರುತ್ತಿದ್ದ.

ಯುದ್ಧ ತಿರುಗಿಬಿತ್ತು. ಜರ್ಮನರು ಬಂದ ದಾರಿಯಲ್ಲಿ ಹಿಂದಕ್ಕೆ ಓಡತೊಡಗಿದರು. ಚಳಿ ಶುರುವಾಗಿತ್ತು. ಮುಂದೆ ಒಂದು ನದಿ, ಅದಕ್ಕೊಂದು ಸೇತುವೆ. ತಮ್ಮವರು ದಾಟಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಸೇತುವೆಯನ್ನು ಒಡೆದು ಹಾಕುತ್ತೇವೆ ಎಂದು ಸುದ್ದಿ ಬಂತು. ದಾಟಿದವನು ಬದುಕಿದ, ಈಚೆ ದಂಡೆಯಲ್ಲಿ ಉಳಿದವನು ಶತ್ರುವಿನ ಕೈಗೆ ಸಿಕ್ಕ.

ನಮ್ಮ ನಾಯಕನ ಟ್ಯಾಂಕು ಒಂದು ಗೆಡ್ಡೆಯ ಹೊಲದಲ್ಲಿ ನಿಂತುಬಿಟ್ಟಿತು. ಪೆಟ್ರೋಲ್ ತಳ ಕಂಡಿತ್ತು. ಅದು ಪೆಟ್ರೋಲ್ ಕುಡಿಯುವುದರಲ್ಲಿ ರಾಕ್ಷಸ. ನಾಯಕ ಗುಂಡು ತುಂಬುವವನನ್ನು ಕರೆದು, ಹಳ್ಳಿಯ ಕಡೆ ಹೋಗಿ ಎಲ್ಲಿಂದಾದರೂ ಪೆಟ್ರೋಲ್ ತಾ, ಎದುರಿನ ರಸ್ತೆಯಿಂದಲೇ ಬಾ ಎಂದು ಹೇಳಿ ನಸುಕಿನಲ್ಲಿ ಕಳಿಸಿದ. ಇದ್ದ ಹನಿಯನ್ನು ಉಳಿಸಲು ಎಂಜಿನ್ ನಿಲ್ಲಿಸಿದರು.

ಬೆಳಗಾಯಿತು. ಮಂಜು ಕವಿಯಿತು. ಹೋದವನು ಬರಲಿಲ್ಲ. ಅವನು ಓಡಿಹೋಗಿರುತ್ತಾನೆ ಎಂದ ಗುರಿ ಹಿಡಿಯುವವನು. ರೇಡಿಯೊ ನೋಡಿಕೊಳ್ಳುವವನು ಹೌದು ಎಂದ. ನಾಯಕ ಮೇಲೆ ನಿಂತು ಎದುರಿನ ರಸ್ತೆಯನ್ನೇ ನೋಡುತ್ತಿದ್ದ.

ಆಗ ಎಡಗಡೆಯ ಮಂಜಿನೊಳಗಿಂದ ಒಂದು ಸದ್ದು ಬಂತು. ಏನೋ ಉರುಳುತ್ತಾ ಹತ್ತಿರವಾಗುತ್ತಿತ್ತು.

"ಎಡಕ್ಕೆ ತಿರುಗಿಸು. ಎದುರು ಮಾಡು," ಎಂದ ನಾಯಕ.

ಚಾಲಕನ ತಲೆಯ ಮೇಲಿನ ಬಾಗಿಲು ತೆರೆದಿತ್ತು. ಅದು ಕುದುರೆಗಾಡಿಯ ಸದ್ದು ಎಂದು ಅವನಿಗೆ ಅನ್ನಿಸಿತು. ಹೇಳಬೇಕೆಂದುಕೊಂಡ. ಹಿಂದೆ ಹೇಳಿ ಕೇಳಿಸಿಕೊಂಡದ್ದು ನೆನಪಾಯಿತು. ಬಾಯಿ ಮುಚ್ಚಿಕೊಂಡು ಎಂಜಿನ್ ಶುರುಮಾಡಿದ. ಒಂದು ಚೈನು ಮುಂದಕ್ಕೆ, ಒಂದು ಹಿಂದಕ್ಕೆ. ಚೈನುಗಳು ಹಸಿಮಣ್ಣನ್ನು ಉತ್ತುಕೊಂಡು ಒಳಗಿಳಿದವು. ಟ್ಯಾಂಕು ನಿಧಾನವಾಗಿ ತಿರುಗಿತು. ದಪ್ಪ ಮುಖ ಸದ್ದಿಗೆ ನೇರ ಎದುರಾಗಿ ಬಂದು ನಿಂತಿತು. ಅದೇ ಗಳಿಗೆಗೆ ಎಡಗಡೆಯ ಚೈನಿನ ಒಳಗೆ ಏನೋ ಲಟಕ್ ಎಂದಿತು. ಚಾಲಕ ಮತ್ತೆ ಗೇರು ಹಾಕಿದ. ಎಂಜಿನ್ ಕೂಗಿತು, ಚೈನು ಅಲ್ಲಾಡಲಿಲ್ಲ.

ಗುರಿ ಹಿಡಿಯುವವನ ಕಾಲು ಮೆಷಿನ್‌ಗನ್ ಹಾರಿಸುವ ಪೆಡಲಿನ ಮೇಲಿತ್ತು. ಅಷ್ಟರಲ್ಲಿ ಮಂಜಿನೊಳಗಿಂದ ಒಬ್ಬ ಟೊಪ್ಪಿಗೆ ಬೀಸುತ್ತಾ ಹೊರಗೆ ಬಂದ. ಗುಂಡು ತುಂಬುವವನು. ಅವನ ಹಿಂದೆ ಒಂದು ಬಡಕಲು ಕುದುರೆ, ಒಂದು ಗಾಡಿ. ಗಾಡಿಯಲ್ಲಿ ಪೆಟ್ರೋಲ್ ತುಂಬಿದ ಕ್ಯಾನುಗಳು. ಹಳ್ಳಿಯ ಹತ್ತಿರ ಎದುರಿನ ರಸ್ತೆಯ ತುಂಬ ಓಡುವ ಸೈನ್ಯ, ಗಾಡಿ ಹೊಡೆಯಲು ಜಾಗವಿಲ್ಲ. ಅದಕ್ಕೆ ಅವನು ಹೊಲದ ನಡುವೆ ಪಕ್ಕದಿಂದ ಬಂದಿದ್ದ. ಸೇತುವೆ ಮುಟ್ಟಿ ದಾಟುವಷ್ಟು ಪೆಟ್ರೋಲ್ ತಂದಿದ್ದ. ಯಾವುದೋ ಅಡುಗೆಯವರನ್ನು ಕಾಡಿಬೇಡಿ ಬಿಸಿ ಸಾರನ್ನೂ ತಂದಿದ್ದ.

ಅವನು ಟ್ಯಾಂಕಿನ ಮುಖ ನೋಡಿದ. ತಾನು ಬರುವ ದಿಕ್ಕಿಗೇ ಅದು ತಿರುಗಿ ನಿಂತಿತ್ತು. ಹೊಲದಲ್ಲಿ ಚೈನು ತಿರುಗಿದ ಹೊಸ ಗುರುತು ಕಾಣುತ್ತಿತ್ತು. ಅವನ ಮುಖ ಅರಳಿತು.

"ನಾನು ಬರುವ ಸದ್ದು ಕೇಳಿ ಈ ಕಡೆ ತಿರುಗಿದಿರಾ, ನಾಯಕರೇ?" ಎಂದು ಕೇಳಿದ. "ಇವರೆಲ್ಲ ನಾನು ಓಡಿಹೋದೆ ಎಂದುಕೊಂಡಿರುತ್ತಾರೆ, ನೀವೊಬ್ಬರು ಹಾಗೆ ಅಂದುಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು."

ನಾಯಕ ಎಡಗಡೆಯ ಚೈನಿನ ಕಡೆ ಕಣ್ಣು ತಿರುಗಿಸಿದ.

ಚಾಲಕ ಕೆಳಗಿಳಿದು ಚೈನಿನ ಹತ್ತಿರ ಕೂತು ನೋಡಿದ. ಗೇರು ಹೋಗಿದೆ, ಇನ್ನು ಇದು ಇಲ್ಲಿಂದ ಕದಲುವುದಿಲ್ಲ ಎಂದ. ಗುಂಡು ತುಂಬುವವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಚೈನಿನ ಗುರುತು ನೋಡಿದ, ಕ್ಯಾನು ನೋಡಿದ, ನಾಯಕನ ಮುಖ ನೋಡಿದ. ಆಮೇಲೆ ಕ್ಯಾನುಗಳನ್ನು ಒಂದೊಂದಾಗಿ ಗಾಡಿಯಿಂದ ಇಳಿಸಿ ಹೊಲದಲ್ಲಿಟ್ಟ. ಇನ್ನು ಅದರಿಂದ ಉಪಯೋಗವಿರಲಿಲ್ಲ. ಮನುಷ್ಯರು ಕೂರಲು ಜಾಗ ಬೇಕಿತ್ತು.

ಮೂವರು ಗಾಡಿ ಹತ್ತಿದರು. ಗುಂಡು ತುಂಬುವವನು ಕುದುರೆಯ ಹಗ್ಗ ಹಿಡಿದು ಕಾದ. ನಾಯಕ ಮೇಲಿನಿಂದ ಇಳಿಯಲಿಲ್ಲ. ನೀವು ಹೋಗಿ, ಟ್ಯಾಂಕನ್ನು ಶತ್ರುವಿಗೆ ಹಾಗೇ ಬಿಡುವಂತಿಲ್ಲ, ಮದ್ದಿಟ್ಟು ಒಡೆದು ಹಿಂದೆಯೇ ಬರುತ್ತೇನೆ ಎಂದ. ಗಾಡಿಯಲ್ಲಿ ಅವನಿಗೂ ಜಾಗವಿತ್ತು. ಮದ್ದಿಡಲು ಹೆಚ್ಚು ಹೊತ್ತೇನೂ ಬೇಕಿರಲಿಲ್ಲ, ಕಾಯಬಹುದಿತ್ತು. ಕಾಯುತ್ತೇವೆ ಎಂದೂ ಹೇಳಿದರು. ಅವನು ಹೋಗಿ ಎಂದು ಗದರಿದ. ಅಪ್ಪಣೆ ಅಪ್ಪಣೆಯೇ.

ಹೊರಡುವ ಮುಂಚೆ ಗುಂಡು ತುಂಬುವವನು ಸಾರಿನ ಪಾಲನ್ನು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಎಂದಿನ ಹಾಗೆ ಮೇಲೆ ಇಟ್ಟು ಬಂದ. ಗಾಡಿ ಮಂಜಿನೊಳಗೆ ಹೋಯಿತು. ನಾಯಕ ಅದರ ಸದ್ದು ಕೇಳುವವರೆಗೂ ಕೇಳಿರಬೇಕು. ಆಮೇಲೆ ಆ ಹೊಲದಲ್ಲಿ ಅವನೂ ಆ ಕಬ್ಬಿಣವೂ ಮಾತ್ರ ಉಳಿದರು.

ನಾಲ್ವರು ಸೇತುವೆ ದಾಟಿ ಆಚೆ ದಂಡೆಯಲ್ಲಿ ಕಾದರು. ಸೇತುವೆಯವರು ಬೈದು ಅಟ್ಟುವವರೆಗೂ ಕಾದರು. ಟ್ಯಾಂಕು ಒಡೆದ ಸದ್ದು ಬರಲಿಲ್ಲ. ನಾಯಕನೂ ಬರಲಿಲ್ಲ. ಮಧ್ಯಾಹ್ನಕ್ಕೆ ಸೇತುವೆ ಒಡೆದರು.

ಶತ್ರುಗಳು ಆ ಹೊಲಕ್ಕೆ ಬಂದಾಗ ಟ್ಯಾಂಕು ಹಾಗೇ ನಿಂತಿತ್ತು. ಉದ್ದ ನಳಿಕೆ ಯಾರೂ ಇಲ್ಲದ ದಿಕ್ಕಿಗೆ ಚಾಚಿತ್ತು. ಅವರ ಕಡೆಯ ಎಂಜಿನಿಯರ್ ಒಬ್ಬ ಅದನ್ನು ಸುತ್ತಿ ನೋಡಿದ. ಮುಖ ಒಡೆದಿರಲಿಲ್ಲ. ಪಕ್ಕೆ ಒಡೆದಿರಲಿಲ್ಲ. ಎಲ್ಲಿಯೂ ಒಂದು ತೂತಿಲ್ಲ. ಮತ್ತೇಕೆ ಬಿಟ್ಟುಹೋದರು ಎಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಚೈನಿನ ಒಳಗಿನ ಗೇರನ್ನು ಬಿಚ್ಚಿಸಿ ನೋಡಿದ. ಮುರಿದ ಹಲ್ಲು ಎಣ್ಣೆಯಲ್ಲಿ ಬಿದ್ದಿತ್ತು. ಅವನ ಹೆಬ್ಬೆರಳಿನಷ್ಟಿತ್ತು.

ಒಳಗೆ ಯಾರೂ ಇರಲಿಲ್ಲ. ಮೇಲೆ ಒಂದು ಡಬ್ಬಿ ಇತ್ತು. ಒಳಗಿನ ಸಾರು ಹೆಪ್ಪುಗಟ್ಟಿತ್ತು. ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಪಂಚಾಕ್ಷರಿ ಇನ್ನೂ ಇದೆ ಎಂದುಕೊಂಡಿದ್ದ.

"ನಾಯಕ ಏನಾದ, ಗುರುಗಳೇ?"

"ಗೊತ್ತಿಲ್ಲ. ಅವನ ಜನಕ್ಕೂ ಗೊತ್ತಾಗಲಿಲ್ಲ."

"ಅವನಿಗೆ ಮೊದಲು ಆದದ್ದು ಸುಳ್ಳಲ್ಲವಲ್ಲ," ಎಂದ ಪಂಚಾಕ್ಷರಿ. "ಪಕ್ಕೆ ತೋರಿಸಿದ್ದಕ್ಕೇ ಅಲ್ಲವೇ ಅವನ ಜನ ಸುಟ್ಟುಹೋದದ್ದು? ಪಕ್ಕದಿಂದ ಬರುವವನು ಯಾರು ಎಂದು ಅವನಿಗೆ ಹೇಗೆ ತಿಳಿಯಬೇಕು?"

ಗುರುಗಳು ಎದ್ದರು. ಹೆಗಲಿನ ವಸ್ತ್ರ ಸರಿಮಾಡಿಕೊಂಡರು. ಬಾಗಿಲ ಹತ್ತಿರ ಹೋಗಿ, ಹೊರಗೆ ಒಮ್ಮೆ ನೋಡಿ, ಅವನ ಕಡೆ ತಿರುಗಿದರು.

"ನಿನ್ನ ಅಣ್ಣ ಇನ್ನೂ ಜಗುಲಿಯ ಮೇಲೇ ಕೂತಿದ್ದಾನೆ, ಬುತ್ತಿಯ ಗಂಟು ಇನ್ನೂ ಬಿಚ್ಚಿಲ್ಲ."

ಪಂಚಾಕ್ಷರಿ ಎದ್ದು ಜಗುಲಿಗೆ ಹೋದ, ಈ ಸಲ ಅಣ್ಣನ ಎದುರಿಗೆ ನಿಲ್ಲದೆ ಪಕ್ಕದಲ್ಲಿ ಕೂತ.